ಕಡಿಮೆ ಬೆಲೆಯ ಷೇರುಗಳಿಗೆ ಬ್ರೋಕರೇಜ್ ಹೋಲಿಸುವ ಬಗೆ

ಬಳಗದ ಎಲ್ಲರಿಗೂ ನಮಸ್ಕಾರ. ಸಿಂಧನೂರು, ಮಾನ್ವಿ ಕಡೆಯ ಅನೇಕರು ಭತ್ತ, ಹತ್ತಿ ಮಾರಿದ ಹಣದಲ್ಲಿ ಒಂದಿಷ್ಟನ್ನು ಐದು, ಹತ್ತು ರೂಪಾಯಿಯ ಷೇರುಗಳಿಗೆ ಹಾಕುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಬ್ರೋಕರೇಜ್ ಎಂದರೆ ಷೇರು ಕೊಳ್ಳಲು, ಮಾರಲು ಬ್ರೋಕರ್ ಪಡೆಯುವ ಶುಲ್ಕ. ಅದರ ಜಾಹೀರಾತಿನ ದರವನ್ನು ಬದಿಗಿಟ್ಟು, ನೀವು ಸಾಮಾನ್ಯವಾಗಿ ಹಾಕುವ ಆರ್ಡರ್ ಮೊತ್ತಕ್ಕೆ ಒಟ್ಟು ಎಷ್ಟು ಖರ್ಚು ಬೀಳುತ್ತದೆ ಎಂದು ಲೆಕ್ಕ ಹಾಕಿ.

5 ರೂಪಾಯಿಯ 200 ಷೇರು ಕೊಂಡರೆ ಹೂಡಿಕೆ 1,000 ರೂಪಾಯಿ. ಆರ್ಡರ್‌ಗೆ 20 ರೂಪಾಯಿ ಪಡೆಯುವ ಬ್ರೋಕರ್‌ನಲ್ಲಿ ಕೊಳ್ಳಲು, ಮಾರಲು ಸೇರಿ 40 ರೂಪಾಯಿ. ಮಾರಿದ ಷೇರು ಡಿಮ್ಯಾಟ್ ಖಾತೆಯಿಂದ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಹೊರಹೋಗುವಾಗಿನ ಡಿಪಿ (ಡೆಪಾಸಿಟರಿ ಪಾರ್ಟಿಸಿಪೆಂಟ್, ಅಂದರೆ ಆ ಖಾತೆ ನಡೆಸುವ ಸಂಸ್ಥೆ) ಶುಲ್ಕವನ್ನು 15 ರೂಪಾಯಿ ಎಂದಿಟ್ಟುಕೊಂಡರೆ, ಜಿಎಸ್‌ಟಿಗೆ ಮೊದಲೇ 55 ರೂಪಾಯಿ, ಅಂದರೆ ಶೇ 5.5 ಆಯಿತು. ಷೇರು ಶೇ 5ರ ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಏರಬಹುದಾದ ಗರಿಷ್ಠ ಮಿತಿ) ಮುಟ್ಟಿದರೂ ಅಸಲು ಹುಟ್ಟುವುದಿಲ್ಲ! ಕನಿಷ್ಠ ಶುಲ್ಕವಿಲ್ಲದೆ ಶೇ 0.5 ಪಡೆಯುವಲ್ಲಿ ಇದಕ್ಕೆ ಬ್ರೋಕರೇಜ್ ಸುಮಾರು 10 ರೂಪಾಯಿ ಮಾತ್ರ. ಆದರೆ 50,000 ರೂಪಾಯಿಯ ಆರ್ಡರ್‌ಗೆ ಅದೇ ದರ 250 ರೂಪಾಯಿಯಾಗುವುದರಿಂದ, ಅಲ್ಲಿ 20 ರೂಪಾಯಿಯ ನಿಗದಿತ ಶುಲ್ಕವೇ ಲೇಸು.

ಡಿಪಿ ಶುಲ್ಕವು ಷೇರುಗಳ ಸಂಖ್ಯೆಗಲ್ಲ, ಒಂದು ಕಂಪನಿಗೆ ದಿನಕ್ಕೊಮ್ಮೆ ಬೀಳುವುದರಿಂದ ದಿನಕ್ಕಿಷ್ಟು ಎಂದು ಬಿಡಿಬಿಡಿಯಾಗಿ ಮಾರಬೇಡಿ. ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ), ಸ್ಟಾಂಪ್ ಶುಲ್ಕ ಎಲ್ಲ ಬ್ರೋಕರ್‌ಗಳಲ್ಲೂ ಒಂದೇ.

ಮುಖ್ಯವಾಗಿ, 10 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಷೇರಿಗೆ ತಲಾ 25 ಪೈಸೆಯವರೆಗೆ ಬ್ರೋಕರೇಜ್ ಪಡೆಯಲು ನಿಯಮದಲ್ಲಿ ಅವಕಾಶವಿದೆ. 2 ರೂಪಾಯಿಯ ಷೇರಿಗೆ ಅದು ಶೇ 12.5 ಆಗುತ್ತದೆ. ಆದ್ದರಿಂದ ಖಾತೆ ತೆರೆಯುವ ಮುನ್ನ ದರಪಟ್ಟಿಯಲ್ಲಿ ‘ಪ್ರತಿ ಷೇರಿಗೆ ಕನಿಷ್ಠ’ ಎಂಬ ಸಾಲು ಇದೆಯೇ ಎಂದು ದಯವಿಟ್ಟು ಹುಡುಕಿ ನೋಡಿ.