ಅಂಬಾಸಿಡರ್‌ನ ಪಾಯಿಂಟ್ ಪದೇ ಪದೇ ಸುಡುತ್ತಿತ್ತು, ಕಾರಣ ಮಾತ್ರ ಪಾಯಿಂಟ್‌ನಲ್ಲಿ ಇರಲಿಲ್ಲ

ನನ್ನ ಹತ್ತಿರ 1977ರ ಅಂಬಾಸಿಡರ್ ಮಾರ್ಕ್ 3 ಇದೆ. 1489 ಸಿಸಿ ಪೆಟ್ರೋಲ್ ಇಂಜಿನ್ನು, ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ). ಕಾರು ಕೈಗೆ ಬಂದಾಗಿನಿಂದ ಇದ್ದದ್ದು ಒಂದೇ ರಗಳೆ. ಡಿಸ್ಟ್ರಿಬ್ಯೂಟರ್ ಒಳಗಿನ ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಹೊಸದು ಹಾಕಿದರೆ ಸ್ವಲ್ಪ ದಿನ ಚೆನ್ನಾಗಿ ಓಡುತ್ತಿತ್ತು. ಸಾವಿರ ಕಿಲೋಮೀಟರ್ ಆಗುವ ಮೊದಲೇ ಮಿಸ್ಸಿಂಗ್ ಶುರುವಾಗಿ, ಪಿಕಪ್ ಬಿದ್ದುಹೋಗಿ, ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುತ್ತಿತ್ತು. ಸರಿಯಾಗಿರುವ ಕಾರಿನಲ್ಲಿ ಒಂದು ಸೆಟ್ ಪಾಯಿಂಟ್ ಹತ್ತು ಸಾವಿರ ಕಿಲೋಮೀಟರ್ ಆಸುಪಾಸು ಬಾಳಬೇಕು, ನಡುವೆ ಗ್ಯಾಪ್ (ತೆರೆದಾಗ ಅದರ ಎರಡು ಮುಖಗಳ ನಡುವಿನ ಅಂತರ) ನೋಡಿಕೊಂಡರೆ ಸಾಕು. ನನ್ನ ಕಾರಿನಲ್ಲಿ ಅದರ ಹತ್ತನೇ ಒಂದು ಭಾಗವೂ ಬಾಳುತ್ತಿರಲಿಲ್ಲ.

ಮೆಕ್ಯಾನಿಕ್‌ಗಳನ್ನು ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಈಗಿನ ಪಾಯಿಂಟ್ ಕ್ವಾಲಿಟಿನೇ ಹಂಗೆ ಸಾರ್." ಅದರಲ್ಲಿ ನಿಜ ಇಲ್ಲ ಅಂತಲ್ಲ. ಈಗ ಸಿಗುವ ಕೆಲವು ಸೆಟ್‌ಗಳ ಸ್ಪ್ರಿಂಗ್ ಸಡಿಲ, ಹೀಲ್ (ತಿರುಗುವ ಶಾಫ್ಟ್‌ನ ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು) ಮೆತ್ತಗೆ. ಆದರೆ ಬೇರೆ ಬೇರೆ ಅಂಗಡಿಯಿಂದ ತಂದ ಬೇರೆ ಬೇರೆ ಸೆಟ್ಟೂ ಒಂದೇ ರೀತಿ ಸತ್ತರೆ, ತಪ್ಪು ಪಾಯಿಂಟ್‌ದಲ್ಲ, ಅದಕ್ಕೆ ಕರೆಂಟ್ ಕೊಡೋ ಕಡೆ ಏನೋ ಇದೆ ಅಂತಲೇ ಅಲ್ವಾ?

ಪಾಯಿಂಟ್ ಅಂದರೆ ಒಂದು ಸ್ವಿಚ್ಚು, ಅಷ್ಟೇ. ಮುಚ್ಚಿದಾಗ ಕಾಯಿಲ್‌ನ (ಬ್ಯಾಟರಿಯ ವೋಲ್ಟ್ ಏರಿಸುವ ಭಾಗ) ಮೊದಲ ಸುರುಳಿ ಪ್ರೈಮರಿಯಲ್ಲಿ ಕರೆಂಟ್ ಹರಿಯುತ್ತದೆ. ಕ್ಯಾಮ್ ತಿರುಗಿ ಪಾಯಿಂಟ್ ತೆರೆದ ಕೂಡಲೇ ಆ ಕರೆಂಟ್ ನಿಂತು, ಎರಡನೇ ಸುರುಳಿ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿಗೆ ಹೋಗುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಈ ಸ್ವಿಚ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ತೆರೆಯುವಾಗ ಪ್ರೈಮರಿ ಕಡೆಯಲ್ಲೂ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ. ಅದು ಪಾಯಿಂಟ್ ನಡುವೆ ಕಿಡಿಯಾಗಿ ಹಾರದ ಹಾಗೆ ಹೀರಿಕೊಳ್ಳೋದು ಕಂಡೆನ್ಸರ್ ಕೆಲಸ.

ಹಾಳಾದ ಪಾಯಿಂಟನ್ನು ಬಿಸಾಡಬೇಡಿ. ಒಂದು ಡಬ್ಬಿಯಲ್ಲಿ ಹಾಕಿಡಿ, ಆಮೇಲೆ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಂದು ಮುಖದಲ್ಲಿ ಗುಳಿ, ಎದುರಿನ ಮುಖದಲ್ಲಿ ಗುಡ್ಡ ಬೆಳೆದಿದ್ದರೆ ಮೊದಲು ಕಂಡೆನ್ಸರ್ ಮೇಲೆ ಅನುಮಾನ ಪಡಿ. ಮುಖ ಪೂರ್ತಿ ನೀಲಿಗಟ್ಟಿ ಸುಟ್ಟಿದ್ದರೆ ಕರೆಂಟ್ ಜಾಸ್ತಿ ಹರಿಯುತ್ತಿದೆ. ಕಪ್ಪು ಅಂಟು ಮಸಿ ಇದ್ದರೆ ಎಣ್ಣೆಯೋ ಗ್ರೀಸೋ ಪಾಯಿಂಟ್ ಮೇಲೆ ಹಾರಿದೆ. ಮುಖ ಚೆನ್ನಾಗಿದ್ದು ಗ್ಯಾಪ್ ಮಾತ್ರ ಮುಚ್ಚಿಹೋಗಿದ್ದರೆ ಹೀಲ್ ಸವೆದಿದೆ. ಮುಖದ ಮೇಲೆ ಒಂದೇ ಸಮ ತಿಳಿ ಬೂದು ಬಣ್ಣ ಇದ್ದರೆ ಪಾಯಿಂಟ್ ಆರೋಗ್ಯವಾಗಿದೆ.

ನನ್ನ ಹಳೇ ಪಾಯಿಂಟ್‌ಗಳಲ್ಲಿ ಎರಡು ಗುರುತು ಇದ್ದವು. ಮುಖ ನೀಲಿ, ಜೊತೆಗೆ ಹೀಲ್ ಕೂಡ ಗಿಡ್ಡ.

ಮೊದಲು ಕಂಡೆನ್ಸರ್ ಬದಲಿಸಿದೆ, ಯಾಕಂದರೆ ಅದು ಅಗ್ಗ ಮತ್ತು ಸುಲಭ. ಮಲ್ಟಿಮೀಟರ್‌ನಲ್ಲಿ 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು, ಹಳೆಯದೂ ತೋರಿಸಿತು, ಹೊಸದೂ ತೋರಿಸಿತು. ಕೆಲವು ಕಂಡೆನ್ಸರ್ ತಣ್ಣಗಿದ್ದಾಗ ಸರಿ ಇರುತ್ತವೆ, ಬಿಸಿಯಾದ ಮೇಲೆ ಕೈಕೊಡುತ್ತವೆ. ಅದಕ್ಕೆ ಮನೆಯ ಹೇರ್ ಡ್ರೈಯರ್‌ನಲ್ಲಿ ಕಾಯಿಸಿ ಮತ್ತೆ ಅಳೆದೆ. (ಹೇರ್ ಡ್ರೈಯರ್ ಯಾಕೆ ಬೇಕು ಅಂತ ಮನೆಯಲ್ಲಿ ಕೇಳಿದರೆ ಉತ್ತರ ರೆಡಿ ಇಟ್ಟುಕೊಳ್ಳಿ.) ಎಲ್ಲ ಸರಿ ಇತ್ತು. ಹಾಕಿ ಓಡಿಸಿದರೂ ಪಾಯಿಂಟ್ ನೀಲಿಯಾಗೋದು ನಿಲ್ಲಲಿಲ್ಲ.

ಆಮೇಲೆ ಕಾಯಿಲ್. ಇದನ್ನು ಯಾರೂ ನೋಡೋದೇ ಇಲ್ಲ, ಕಿಡಿ ಬರುತ್ತಿದೆ ಅಂದರೆ ಕಾಯಿಲ್ ಓಕೆ ಅಂತ ಬಿಟ್ಟುಬಿಡುತ್ತಾರೆ. ಪ್ರೈಮರಿಯ ಎರಡೂ ವೈರ್ ಬಿಚ್ಚಿ, ಪ್ಲಸ್ ಮೈನಸ್ ತುದಿಗಳ ನಡುವೆ ಓಮ್ ಅಳೆಯಬೇಕು. ಅದಕ್ಕೂ ಮೊದಲು ಮೀಟರ್‌ನ ಎರಡು ಪಿನ್ ಒಂದಕ್ಕೊಂದು ತಾಗಿಸಿ, ಬರುವ ಅಂಕಿಯನ್ನು ಬರೆದುಕೊಂಡು ಕೊನೆಗೆ ಕಳೆಯಿರಿ. ಇಷ್ಟು ಸಣ್ಣ ಓಮ್ ಅಳೆಯುವಾಗ ಮೀಟರ್ ವೈರಿನ ಓಮ್ ಕೂಡ ಲೆಕ್ಕಕ್ಕೆ ಬರುತ್ತದೆ. 3 ಓಮ್ ಆಸುಪಾಸು ಬರಬೇಕಿತ್ತು, ನನ್ನ ಕಾಯಿಲ್ 1.5 ಓಮ್ ತೋರಿಸಿತು. ಹಿಂದೆ ಯಾರೋ ಬೇರೆ ಕಾರಿನ ಕಾಯಿಲ್ ತಂದು ಕೂರಿಸಿದ್ದಾರೆ. ಮೇಲಿನ ಅಕ್ಷರ ಎಲ್ಲಾ ಪೇಂಟ್ ಹೊಡೆದು ಮುಚ್ಚಿಹೋಗಿತ್ತು.

1.5 ಓಮ್ ಕಾಯಿಲ್ ತಪ್ಪಲ್ಲ, ಆದರೆ ಅದಕ್ಕೆ ಸರಣಿಯಲ್ಲಿ ಕರೆಂಟ್ ತಗ್ಗಿಸುವ ಒಂದು ಬ್ಯಾಲಸ್ಟ್ ರೆಸಿಸ್ಟರ್ ಇರಲೇಬೇಕು. ಸೆಲ್ಫ್ ಹೊಡೆಯುವಾಗ ಮಾತ್ರ ಆ ರೆಸಿಸ್ಟರ್ ತಪ್ಪಿಸಿ ಕಾಯಿಲ್‌ಗೆ ಪೂರ್ತಿ ವೋಲ್ಟ್ ಸಿಗುತ್ತದೆ, ಇಂಜಿನ್ ಓಡುವಾಗ ರೆಸಿಸ್ಟರ್ ಮೂಲಕ. ನನ್ನ ಕಾರಿನಲ್ಲಿ ಆ ರೆಸಿಸ್ಟರ್ ಇರಲೇ ಇಲ್ಲ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಇಗ್ನಿಷನ್ ಆನ್ ಮಾಡಿ ಕಾಯಿಲ್ ಪ್ಲಸ್ಸಿನಲ್ಲಿ ಅಳೆದರೆ ಹೆಚ್ಚುಕಡಿಮೆ ಬ್ಯಾಟರಿಯ ವೋಲ್ಟೇಜೇ ಬರುತ್ತಿತ್ತು. ಬ್ಯಾಲಸ್ಟ್ ಇದ್ದಿದ್ದರೆ ಆರೇಳು ವೋಲ್ಟ್ ಬರಬೇಕಿತ್ತು. ಲೆಕ್ಕ ಹಾಕಿ ನೋಡಿ: ಗಾಡಿ ಚಾರ್ಜ್ ಆಗುವಾಗ 14 ವೋಲ್ಟ್, ಅದನ್ನು 1.5 ಓಮ್‌ನಿಂದ ಭಾಗಿಸಿದರೆ 9 ಆಂಪಿಯರ್‌ಗಿಂತ ಜಾಸ್ತಿ. ಅದೇ 3 ಓಮ್ ಕಾಯಿಲ್ ಆದರೆ ಹೆಚ್ಚೆಂದರೆ 4.7. ಅಂದರೆ ಆ ಪುಟ್ಟ ಟಂಗ್‌ಸ್ಟನ್ ಚುಕ್ಕೆಗಳ ಮೇಲೆ ಎರಡರಷ್ಟು ಭಾರ. ಓಡಿಸಿ ಬಂದಮೇಲೆ ಕಾಯಿಲ್ ಕೈ ಇಡೋಕೆ ಆಗದಷ್ಟು ಸುಡುತ್ತಿದ್ದದ್ದೂ ಇದಕ್ಕೇ.

ರೆಸಿಸ್ಟರ್ ಸೇರಿಸಬಹುದಿತ್ತು, ಆದರೆ ಸೆಲ್ಫ್‌ನಿಂದ ಇನ್ನೊಂದು ವೈರ್ ಎಳೆಯಬೇಕಾಗುತ್ತದೆ. 3 ಓಮ್ ಕಾಯಿಲ್ ಹಾಕೋದೇ ಸುಲಭ ಅನ್ನಿಸಿತು. ಬೆಂಗಳೂರಿನ ಜೆ.ಸಿ. ರೋಡಿಗೆ ಮೀಟರ್ ಹಿಡಿದುಕೊಂಡೇ ಹೋದೆ. ಕೌಂಟರ್ ಮೇಲೇ ಅಳೆಯೋಕೆ ಶುರು ಮಾಡಿದಾಗ ಅಂಗಡಿಯವರು, "ಏನ್ ಸಾರ್, ಹೊಸ ಪೀಸು, ನಂಬಿಕೆ ಇಲ್ವಾ?" ಅಂದರು. "ನಿಮ್ಮ ಮೇಲೆ ಇದೆ ಅಣ್ಣಾ, ಡಬ್ಬಿ ಮೇಲೆ ಇಲ್ಲ" ಅಂದೆ. ಅವರೂ ನಕ್ಕು ಇನ್ನೆರಡು ಡಬ್ಬಿ ತೆಗೆದುಕೊಟ್ಟರು. ಒಂದರಲ್ಲಿ ನಿಜವಾಗಿಯೂ 1.6 ಬಂತು! ನೋಡೋಕೆ ಎಲ್ಲಾ ಒಂದೇ ತರ ಇರುತ್ತವೆ. ನೀವು ಹೋದಾಗಲೂ ಮೀಟರ್ ಬಿಟ್ಟು ಹೋಗಬೇಡಿ.

ಚಾರ್ಜಿಂಗ್ ವೋಲ್ಟೇಜ್ ಕೂಡ ನೋಡಿಕೊಂಡೆ, 14.2 ಇತ್ತು. 15 ದಾಟುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ ಅಂತ, ಅದರಿಂದಲೂ ಪಾಯಿಂಟ್ ಸುಡುತ್ತದೆ.

ಇನ್ನು ಹೀಲ್ ವಿಷಯ. ಹೀಲ್ ಸವೆದರೆ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ಜಾಸ್ತಿ ಹೊತ್ತು ಮುಚ್ಚಿರುತ್ತದೆ, ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು) ಹಿಂದೆ ಬೀಳುತ್ತದೆ, ಪಾಯಿಂಟ್ ತೆರೆಯುವಾಗ ದೂರ ಸಾಲದೆ ಕಿಡಿ ಹಾರಿ ಮುಖ ಇನ್ನಷ್ಟು ಸುಡುತ್ತದೆ. ಒಂದು ತೊಂದರೆ ಇನ್ನೊಂದನ್ನು ಬೆಳೆಸುತ್ತದೆ ನೋಡಿ. ನನ್ನ ಡಿಸ್ಟ್ರಿಬ್ಯೂಟರ್‌ನ ಕ್ಯಾಮ್ ಪೂರ್ತಿ ಒಣಗಿತ್ತು, ಮೇಲೆ ಸಣ್ಣ ಸಣ್ಣ ತುಕ್ಕಿನ ಚುಕ್ಕೆ. ಹೀಲ್‌ಗೆ ಅದು ಅರದ ಹಾಗೆ ಕೆಲಸ ಮಾಡುತ್ತಿತ್ತು. ಮೆಟಲ್ ಪಾಲಿಶ್ ಹಾಕಿ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿ, ಬಿಸಿಗೆ ಕರಗದ ಗ್ರೀಸ್ ತೆಳ್ಳಗೆ ಸವರಿದೆ. ತೆಳ್ಳಗೆ ಅಂದರೆ ನಿಜಕ್ಕೂ ತೆಳ್ಳಗೆ, ಬೆರಳಿಗೆ ಅಂಟಿದ್ದಷ್ಟು. ಜಾಸ್ತಿ ಬಳಿದರೆ ಅದೇ ಹಾರಿ ಪಾಯಿಂಟ್ ಮೇಲೆ ಕೂರುತ್ತದೆ. ಶಾಫ್ಟ್ ತುದಿಯಲ್ಲಿ ಕೂರುವ ರೋಟರ್ ಎತ್ತಿ ಅದರ ಕೆಳಗಿನ ಸ್ಕ್ರೂ ತಲೆಯ ಮೇಲೆ ಒಂದೆರಡು ಹನಿ ಇಂಜಿನ್ ಆಯಿಲ್ ಕೂಡ ಬಿಡಬೇಕು, ಶಾಫ್ಟ್‌ಗೆ ಅದು ಬೇಕು. ಇದನ್ನು ತುಂಬಾ ಜನ ಮರೆತೇಬಿಟ್ಟಿದ್ದಾರೆ.

ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂರುವ ಬೇಸ್ ಪ್ಲೇಟಿನಿಂದ ಅದರ ಬಾಡಿಯವರೆಗೆ ಹೋಗುವ ಒಂದು ಹೆಣೆದ ಅರ್ತ್ ವೈರ್ ಇದೆ. ನನ್ನದರಲ್ಲಿ ಎರಡು ಮೂರು ಎಳೆ ಮಾತ್ರ ಉಳಿದಿತ್ತು, ಹೊಸದು ಬೆಸೆದೆ. ಇದು ಗೊತ್ತಾಗಬೇಕಾದರೆ ಪಾಯಿಂಟ್ ಮುಚ್ಚಿಸಿ, ಇಗ್ನಿಷನ್ ಆನ್ ಮಾಡಿ, ಕಾಯಿಲ್ ಮೈನಸ್ಸಿನಿಂದ ಇಂಜಿನ್ ಬಾಡಿಯವರೆಗೆ ವೋಲ್ಟ್ ಅಳೆಯಿರಿ. 0.2ಕ್ಕಿಂತ ಜಾಸ್ತಿ ಬಂದರೆ ಪಾಯಿಂಟ್ ಮುಖದಲ್ಲೋ ಅರ್ತಿನಲ್ಲೋ ತಡೆ ಇದೆ. ಬೇಗ ಅಳೆದು ಬೇಗ ಆಫ್ ಮಾಡಿ. ಇಂಜಿನ್ ಓಡದೆ ಇಗ್ನಿಷನ್ ಆನ್ ಇದ್ದು ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ಲೂ ಸುಡುತ್ತದೆ, ಪಾಯಿಂಟೂ ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ಕೀ ಆನ್ ಇಟ್ಟು ಹಾಡು ಕೇಳುವ ಅಭ್ಯಾಸ ಇರುವವರು ಗಮನಿಸಿ.

ಶಾಫ್ಟ್‌ನ ಬುಷ್ ಸವೆದಿದೆಯಾ ಅಂತಲೂ ನೋಡಬೇಕು. ಕ್ಯಾಮ್‌ನ ನಾಲ್ಕೂ ಮೂಲೆಯಲ್ಲಿ ಫೀಲರ್ ಗೇಜ್ ಹಾಕಿ ಗ್ಯಾಪ್ ಅಳೆದೆ. ಹೆಚ್ಚು ವ್ಯತ್ಯಾಸ ಇರಲಿಲ್ಲ, ಬಿಟ್ಟೆ. ಇದ್ದಿದ್ದರೆ ಲೇತ್ ಅಂಗಡಿಗೆ ಒಯ್ದು ಬುಷ್ ಹಾಕಿಸದೆ ಬೇರೆ ದಾರಿಯಿಲ್ಲ, ಶಾಫ್ಟ್ ಅಲ್ಲಾಡುತ್ತಿದ್ದರೆ ಗ್ಯಾಪ್ ನಿಲ್ಲೋದೇ ಇಲ್ಲ.

ಕೊನೆಗೆ ಹೊಸ ಸೆಟ್. ಡಬ್ಬಿಯಿಂದ ತೆಗೆದ ಪಾಯಿಂಟ್ ಮುಖದ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆಯ ಪೊರೆ ಇರುತ್ತದೆ, ಪೆಟ್ರೋಲಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣ ವಿಸಿಟಿಂಗ್ ಕಾರ್ಡ್ ನಡುವೆ ಎಳೆದೆ. ಎಮರಿ ಪೇಪರ್ ಮಾತ್ರ ಬೇಡ, ಅದರ ಹರಳು ಮುಖಕ್ಕೆ ಕಚ್ಚಿಕೊಂಡು ಮತ್ತೆ ಸುಡುತ್ತದೆ. ಲೂಕಾಸ್‌ನಲ್ಲಿ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ನಾನು 0.38ಕ್ಕೆ ಇಟ್ಟೆ. ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಕ್ಯಾಮ್ ತಿರುಗುವ ಕೋನ, 60 ಡಿಗ್ರಿ, ಮೂರು ಆಚೀಚೆ. ಡ್ವೆಲ್ ಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ, ಡ್ಯೂಟಿ ಸೈಕಲ್ ತೋರಿಸುವ ಮಲ್ಟಿಮೀಟರ್ ಸಾಕು: ನಾಲ್ಕು ಸಿಲಿಂಡರ್‌ಗೆ 90 ಡಿಗ್ರಿಯಲ್ಲಿ 60 ಅಂದರೆ ಸುಮಾರು 67 ಪರ್ಸೆಂಟ್. ಕೆಲವು ಮೀಟರ್ ಉಲ್ಟಾ 33 ತೋರಿಸುತ್ತವೆ, ಗಾಬರಿ ಬೇಡ. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಹಾಗಾಗಿ ಯಾವಾಗಲೂ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಐನೂರು ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ನೋಡಿ, ಹೊಸ ಹೀಲ್ ಸ್ವಲ್ಪ ಕೂತಿರುತ್ತದೆ.

ಈಗಿನ ಸೆಟ್ ಎಂಟು ಸಾವಿರ ದಾಟಿದೆ. ಮುಖ ತಿಳಿ ಬೂದು, ನೀಲಿ ಎಲ್ಲೂ ಇಲ್ಲ.

"ಇಷ್ಟೆಲ್ಲಾ ಯಾಕೆ, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಬಿಡಿ" ಅನ್ನುವವರು ಇದ್ದಾರೆ. ಹಾಕಿ, ಬೇಡ ಅನ್ನಲ್ಲ, ಹೀಲ್ ಸವೆಯುವ ತಲೆನೋವು ಹೋಗುತ್ತದೆ. ನನಗೆ ದಾರಿಯಲ್ಲಿ ಸ್ಕ್ರೂಡ್ರೈವರ್‌ನಲ್ಲಿ ರಿಪೇರಿ ಆಗುವ ಪಾಯಿಂಟೇ ಇಷ್ಟ. ಆದರೆ ಮಾಡ್ಯೂಲ್ ಹಾಕುವ ಮುಂಚೆಯೂ ಕಾಯಿಲ್ ಓಮ್ ಅಳೆದು, ಮಾಡ್ಯೂಲ್‌ನ ಕಾಗದದಲ್ಲಿ ಎಷ್ಟು ಬೇಕು ಅಂತ ಬರೆದಿದೆಯೋ ನೋಡಿ. ಬ್ಯಾಲಸ್ಟ್ ಇಲ್ಲದ 1.5 ಓಮ್ ಕಾಯಿಲ್ ಇದ್ದರೆ ಈ ಸಲ ಸುಡೋದು ಅಗ್ಗದ ಪಾಯಿಂಟ್ ಅಲ್ಲ, ದುಬಾರಿ ಮಾಡ್ಯೂಲ್.