ಎಚ್.ಎಂ.ಸಿ. ಖಾತೆಯ ಕೊರತೆ ನೀಗಿದ ಬಗೆ: ನನ್ನ ಅನುಭವ

ಕಾಸರಗೋಡಿನ ಗಡಿಭಾಗದಲ್ಲಿರುವ ನಮ್ಮ ಸಾಮೂಹಿಕ ಆರೋಗ್ಯ ಕೇಂದ್ರದ ಆಸ್ಪತ್ರೆ ನಿರ್ವಹಣಾ ಸಮಿತಿಯ (ಎಚ್.ಎಂ.ಸಿ.) ಖಾತೆ ಕಳೆದ ಮಾರ್ಚ್ 31ರಂದು, ಎಲ್ಲ ಬಾಕಿ ಪಾವತಿಯಾದ ಮೇಲೂ, ಸುಮಾರು 40 ಸಾವಿರ ರೂಪಾಯಿ ಶಿಲ್ಕಿನೊಂದಿಗೆ ಮುಗಿಯಿತು. ನಾಲ್ಕು ವರ್ಷಗಳ ಹಿಂದೆ ಇದೇ ಖಾತೆಯಿಂದ ಮೂರೂವರೆ ಲಕ್ಷದಷ್ಟು ಕೊಡಲಿಕ್ಕಿತ್ತು. ಓಪಿ (ಹೊರರೋಗಿ) ಚೀಟಿಯ ದರ ಏರಿಸದೆ ಇದು ಆಗುವ ಹೋಗುವ ಮಾತಲ್ಲವೆಂದು ಪಕ್ಕದ ಕೇಂದ್ರದ ಹಿರಿಯ ಗುಮಾಸ್ತರು ಅಂದು ನಕ್ಕಿದ್ದರು. ಈಗ ಅವರೇ ನನ್ನ ರಿಜಿಸ್ಟರಿನ ನಮೂನೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಆದಾಯದ ಬೆನ್ನು ಹತ್ತಿದ್ದೆ. ಲ್ಯಾಬಿನ ದರವನ್ನು ಸಮಿತಿಯ ಒಪ್ಪಿಗೆ ಪಡೆದು ತುಸು ಏರಿಸಿದೆವು. ಎರಡೇ ತಿಂಗಳಲ್ಲಿ ಜನರು ಪೇಟೆಯ ಖಾಸಗಿ ಲ್ಯಾಬಿನತ್ತ ನಡೆದರು, ವಸೂಲಿ ಹಿಂದಿಗಿಂತಲೂ ಇಳಿಯಿತು. ಬಳಿಕ ದಿನಗೂಲಿಯ ಇಬ್ಬರು ಶುಚಿ ಕೆಲಸದವರಲ್ಲಿ ಒಬ್ಬರನ್ನು ಬಿಟ್ಟೆವು. ತಿಂಗಳಿಗೆ ಹನ್ನೆರಡು ಸಾವಿರ ಉಳಿಯಿತೆಂದು ಬರೆದುಕೊಂಡಿದ್ದ ನಾನು, ಮಳೆಗಾಲದ ಜ್ವರದ ಸರದಿ ವರಾಂಡ ದಾಟಿ ಅಂಗಳಕ್ಕಿಳಿದ ದಿನ ವಾರ್ಡಿನ ಶೌಚಾಲಯದ ಸ್ಥಿತಿ ನೋಡಿ ತಲೆ ತಗ್ಗಿಸಿದೆ. ಮರುದಿನವೇ ಅವರನ್ನು ಕರೆಸಿಕೊಂಡೆವು. ಇದಕ್ಕಿಂತ ದೊಡ್ಡ ತಪ್ಪೆಂದರೆ ವಿಮೆಯ ಕ್ಲೇಮನ್ನು ಕಳುಹಿಸಿದ ದಿನವೇ ಆದಾಯವೆಂದು ಲೆಕ್ಕ ಹಿಡಿದು, ಬಾರದ ಹಣದ ಬಲದಲ್ಲಿ ಖರ್ಚು ಒಪ್ಪಿಕೊಂಡದ್ದು. ಈಗ ಬ್ಯಾಂಕಿಗೆ ಬಿದ್ದ ಮೇಲೆಯೇ ನಾನು ಅದನ್ನು ಹಣವೆಂದು ಕರೆಯುವುದು.

ಔಷಧಿಯ ಇಂಡೆಂಟಿನಲ್ಲಿ, ಅಂದರೆ ವರ್ಷಕ್ಕೆ ಬೇಕಾದ ಔಷಧಿಯ ಬೇಡಿಕೆ ಪಟ್ಟಿಯಲ್ಲಿ, ಕಲಿತದ್ದು ಬೆಲೆ ತೆತ್ತ ಮೇಲೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಕರ್ನಾಟಕದ ಗಡಿಯ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರಿನಿಂದ ಮಾತ್ರೆ ತರುತ್ತಿದ್ದವರೆಲ್ಲ ನಮ್ಮ ಕಿಟಕಿಗೇ ಬಂದರು. ಆ ವರ್ಷದ ಅಂಕಿಗೆ ಶೇಕಡ 10 ಸೇರಿಸಿ ಇಂಡೆಂಟ್ ಕಳುಹಿಸಿದವನು ನಾನೇ. ದಾರಿ ತೆರೆದೊಡನೆ ಅವರಲ್ಲಿ ಹೆಚ್ಚಿನವರು ತಮ್ಮ ಹಳೆಯ ವೈದ್ಯರ ಬಳಿಗೆ ಮರಳಿದರು. ಮೆಟ್‌ಫಾರ್ಮಿನ್ ಕಪಾಟಿನಲ್ಲೇ ಅವಧಿ ಮುಗಿಸಿತು, ಇತ್ತ ಸಾಲದೆ ಬಂದ ಔಷಧಿಗಳನ್ನು ಪೇಟೆಯ ಅಂಗಡಿಯಿಂದ ಕಡಕ್ಕೆ ತರಿಸಬೇಕಾಯಿತು. ಅಂದಿನಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗೆ ಕಳೆದ ವರ್ಷದ ವಿತರಣೆಯನ್ನು ನೋಡುವುದಿಲ್ಲ, ಕ್ಲಿನಿಕ್ಕಿಗೆ ಮೂರು ತಿಂಗಳಿಂದ ತಪ್ಪದೆ ಬಂದವರ ತಲೆ ಎಣಿಸುತ್ತೇನೆ. ಮಳೆಗಾಲದ ಜ್ವರಗಳಿಗೆ ಬೇಕಾಗುವ ಪ್ಯಾರಾಸಿಟಮಾಲ್, ಡಾಕ್ಸಿಸೈಕ್ಲಿನ್‌ಗಳಿಗೆ ತಲೆ ಎಣಿಸಿ ಪ್ರಯೋಜನವಿಲ್ಲ. ಅವಕ್ಕೆ ಜೂನ್, ಜುಲೈ, ಆಗಸ್ಟ್ ತಿಂಗಳುಗಳನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಹಣ ನಿಜವಾಗಿ ಸೋರುತ್ತಿದ್ದದ್ದು ಲ್ಯಾಬಿನಲ್ಲಿ. ದಿನಕ್ಕೆ ಇಬ್ಬರು ಮೂವರ ಕೊಲೆಸ್ಟ್ರಾಲ್ ನೋಡಲೂ ಪ್ರತಿದಿನ ಕಂಟ್ರೋಲ್ (ಯಂತ್ರ ಸರಿಯಿದೆಯೇ ಎಂದು ನೋಡುವ ಮಾದರಿ) ಓಡಿಸಬೇಕು, ತೆರೆದ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಕೆಲವೇ ವಾರಗಳಲ್ಲಿ ಕೆಡುತ್ತದೆ. ಕೊಲೆಸ್ಟ್ರಾಲ್ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಮಂಗಳವಾರ, ಶುಕ್ರವಾರಕ್ಕೆ ಕಟ್ಟಿದೆವು. ಸಕ್ಕರೆ, ಕಾಮಾಲೆ, ಇಲಿಜ್ವರದ ಪರೀಕ್ಷೆಗಳನ್ನು ಮುಟ್ಟಲಿಲ್ಲ. ಜನ ಬೈಯುತ್ತಾರೆಂದು ಲ್ಯಾಬಿನವರೇ ಹೆದರಿದ್ದರು. ಮೊದಲ ತಿಂಗಳು ಬೈದದ್ದು ನಿಜ, ಆದರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ವಾರ ತಿಳಿಸಿದ ಮೇಲೆ ದೂರು ನಿಂತಿತು. ರೀಏಜೆಂಟಿನ ಬಿಲ್ಲು, ನೆನಪಿದ್ದಂತೆ, ಮೂರರಲ್ಲಿ ಒಂದು ಪಾಲು ಇಳಿಯಿತು. ಅವಧಿ ಹತ್ತಿರವಾದ ಕಿಟ್ಟನ್ನು ಸರಬರಾಜುದಾರರಿಂದ ಹೇಗೆ ಬದಲಾಯಿಸಿಕೊಳ್ಳುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಎಲ್ಲರೂ ಕೇಳತೊಡಗಿದರೆ ಅವರು ನನಗೂ ಕೊಡಲಿಕ್ಕಿಲ್ಲ.

ನಡುವೆ ಆಸ್ಪತ್ರೆ ಹಿತ್ತಿಲಿನ ತೆಂಗಿನಕಾಯಿಯ ಹರಾಜನ್ನೂ ಪ್ರಯೋಗಿಸಿದೆ. ಮಂಗಗಳ ಪಾಲು ಕಳೆದು ವರ್ಷಕ್ಕೆ ಏಳೆಂಟು ಸಾವಿರ ಬಂತು, ಅದಕ್ಕೆ ಬರೆದ ಕಾಗದವೇ ಹೆಚ್ಚಾಯಿತು. ಜನರೇಟರಿನ ಡೀಸೆಲ್ ಇನ್ನೂ ನನ್ನ ಹಿಡಿತಕ್ಕೆ ಸಿಕ್ಕಿಲ್ಲ. ಜೂನ್ ತಿಂಗಳ ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಎರಡು ದಿನಕ್ಕೆ ಮೂರು ಸಾವಿರ ಬೇಕು. ಆ 40 ಸಾವಿರವನ್ನು ಮುಟ್ಟದೆ ಇಟ್ಟಿರುವುದು ಅದಕ್ಕೇ.