ಮೂರು ಕೋಣೆಗೆ ಒಂದು ಹೀಟ್ ಪಂಪ್: ನನ್ನ ಅನುಭವ

ಹೀಟ್ ಪಂಪ್ ಎಂದರೆ ಎಸಿಯ ಜಾತಿಯದೇ, ಚಳಿಗಾಲದಲ್ಲಿ ಉಲ್ಟಾ ಓಡಿ ಹೊರಗಿನ ಶಾಖವನ್ನು ಮನೆಯೊಳಗೆ ತರುತ್ತದೆ. ಅದಕ್ಕೆ ಮೊದಲು ಬಂದ ಕೊಟೇಶನ್ ಅರ್ಧ ಪುಟದ್ದು. ಐದು ಕೋಣೆ, ಐದು ಇಂಡೋರ್ ಯೂನಿಟ್, ಹೊರಗೆ 8 ಕಿಲೋವ್ಯಾಟಿನ ಒಂದು ಔಟ್‌ಡೋರ್ ಯೂನಿಟ್. ಬಂದವರು ಮನೆಯೊಳಗೆ ಹತ್ತು ನಿಮಿಷ ಓಡಾಡಿದರು, ಟೇಪು ಹಿಡಿಯಲಿಲ್ಲ, ಕಿಟಕಿ ಎಣಿಸಲಿಲ್ಲ. "ಸ್ವಲ್ಪ ದೊಡ್ಡದೇ ಇರಲಿ ಸಾರ್, ಚಳಿ ಜಾಸ್ತಿಯಾದ್ರೆ ಬೇಕಾಗುತ್ತೆ" ಅಂದರು. ಕೇಳಲು ಹಿತವಾದ ಮಾತು. ನಾನೂ ಹೂಂ ಅನ್ನುವವನೇ ಇದ್ದೆ. ಯಾಕೆ ಅನ್ನಲಿಲ್ಲ ಎಂದರೆ, ಆ ಯೂನಿಟ್ಟಿನ ಡೇಟಾಶೀಟ್ ತೆಗೆದು ನೋಡಿದಾಗ 8 ಕಿಲೋವ್ಯಾಟಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಕಂಡಿತು: ಕನಿಷ್ಠ 2.6. ಅಂದರೆ ಕಂಪ್ರೆಸರ್ ಎಷ್ಟೇ ನಿಧಾನಕ್ಕೆ ತಿರುಗಿದರೂ 2.6 ಕಿಲೋವ್ಯಾಟಿಗಿಂತ ಕಡಿಮೆ ಶಾಖ ಕೊಡಲು ಅದಕ್ಕೆ ಬರುವುದಿಲ್ಲ. ರಾತ್ರಿ ಒಂದೇ ಬೆಡ್‌ರೂಂ ಬೆಚ್ಚಗಿಡಬೇಕಾದಾಗ ಉಳಿದ ಶಾಖ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಯಂತ್ರ ಆಫ್ ಆಗುತ್ತದೆ, ಐದು ನಿಮಿಷ ಬಿಟ್ಟು ಮತ್ತೆ ಶುರುವಾಗುತ್ತದೆ, ಮತ್ತೆ ಆಫ್. ಬೇಕಾದಷ್ಟಕ್ಕೆ ವೇಗ ಏರಿಸಿ ಇಳಿಸುವ ಇನ್ವರ್ಟರ್ ಯಂತ್ರಕ್ಕೆ ದುಡ್ಡು ಕೊಟ್ಟು ಹಳೇ ಕಾಲದ ಆನ್-ಆಫ್ ಯಂತ್ರ ತಂದಂತೆ.

ಹಾಗಾದರೆ ನಮ್ಮ ಕೋಣೆಗೆ ನಿಜವಾಗಿ ಎಷ್ಟು ಬೇಕು? ಗೋಡೆ, ಕಿಟಕಿ, ಸೂರಿನ ಅಳತೆ ಹಿಡಿದು ಲೆಕ್ಕ ಹಾಕುವ ಪದ್ಧತಿ ಇದೆ. ನಾನೂ ಹಾಕಿದೆ. ಒಂದೇ ಗಾಜಿನ ಕಿಟಕಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವ್ಯಾಟ್ ಹೊರಗೆ ಬಿಡುತ್ತದೆ, ಜೋಡಿ ಗಾಜಿನದು ಅದರ ಅರ್ಧ. ಅಲ್ಲಿಯವರೆಗೆ ಸುಲಭ. ಆದರೆ ಬಾಗಿಲ ಸಂದಿಯಿಂದ ನುಗ್ಗುವ ಗಾಳಿಗೆ ಏನು ಅಂಕಿ ಹಾಕುವುದು ಎಂಬಲ್ಲಿಗೆ ಬಂದಾಗ ಎಲ್ಲವೂ ಊಹೆಯೇ. ಆ ಊಹೆ ಬದಲಾದಂತೆ ನನ್ನ ಉತ್ತರ ಒಂದಕ್ಕೆ ಒಂದೂವರೆ ಆಗುತ್ತಿತ್ತು.

ಕೊನೆಗೆ ಒಂದು ಹಳೇ ಎಣ್ಣೆ ಹೀಟರ್ ಕೆಲಸಕ್ಕೆ ಬಂತು. ನಮ್ಮ ಬೆಡ್‌ರೂಮಿನಲ್ಲಿ ಅದನ್ನಿಟ್ಟು, ಪ್ಲಗ್ಗಿಗೆ ಕರೆಂಟಿನ ಯೂನಿಟ್ ಎಣಿಸುವ ಚಿಕ್ಕ ಮೀಟರ್ ಸಿಕ್ಕಿಸಿ, ಥರ್ಮೋಸ್ಟ್ಯಾಟ್ 20 ಡಿಗ್ರಿಗೆ ಇಟ್ಟು ಬಾಗಿಲು ಮುಚ್ಚಿದೆ. ನಾವಿಬ್ಬರೂ ಹಾಲಿನಲ್ಲಿ ಮಲಗಿದೆವು. ಮಲಗಿದ ಮನುಷ್ಯನೂ 70 ವ್ಯಾಟ್ ಆಸುಪಾಸಿನ ಹೀಟರೇ, ಲೆಕ್ಕ ಕೆಡಬಾರದಲ್ಲ. ಮೊದಲ ರಾತ್ರಿಯ ಅಂಕಿ ನಂಬಲಿಲ್ಲ, ಏಕೆಂದರೆ ತಣ್ಣಗಿದ್ದ ಇಟ್ಟಿಗೆ ಗೋಡೆಯೇ ಬಹಳಷ್ಟು ಶಾಖ ಕುಡಿದುಬಿಡುತ್ತದೆ. ಮೂರನೇ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮೀಟರ್ 4.9 ಯೂನಿಟ್ ತೋರಿಸಿತು. ಏಳು ಗಂಟೆಗೆ ಹಂಚಿದರೆ 700 ವ್ಯಾಟ್. ಹೊರಗಿನ ಸರಾಸರಿ 6 ಡಿಗ್ರಿ, ಒಳಗೆ 20, ವ್ಯತ್ಯಾಸ 14. ಅಂದರೆ ಡಿಗ್ರಿಗೆ 50 ವ್ಯಾಟ್. ಮಗಳ ರೂಮಿಗೆ ಇದೇ ರೀತಿ 40, ಹಾಲಿಗೆ 110 ಬಂತು. ಮೂರೂ ಸೇರಿ 200. ನಮ್ಮಲ್ಲಿ ಅತಿ ಚಳಿಯ ರಾತ್ರಿ ಸೊನ್ನೆಗೆ ಇಳಿಯುತ್ತದೆ. ಆಗ ವ್ಯತ್ಯಾಸ 20, ಬೇಕಾಗುವುದು 4 ಕಿಲೋವ್ಯಾಟ್.

ಎಂಟಲ್ಲ, ನಾಲ್ಕು. ಅದೂ ವರ್ಷದಲ್ಲಿ ಬೆರಳೆಣಿಕೆಯ ರಾತ್ರಿಗಳಿಗೆ.

ಈ ಒಂದು ಅಂಕಿ ಕೈಯಲ್ಲಿದ್ದ ಮೇಲೆ ಯಂತ್ರ ಆರಿಸುವ ಕೆಲಸ ಬೇರೆಯೇ ಆಯಿತು. ಅಡುಗೆಮನೆಗೆ, ಅತಿಥಿ ಕೋಣೆಗೆ ಇಂಡೋರ್ ಯೂನಿಟ್ ಬೇಡವೆಂದೆ. ಅಡುಗೆಮನೆಗೆ ಒಲೆಯ ಬಿಸಿಯೇ ಸಾಕು. ಅತಿಥಿ ಕೋಣೆಗೆ, ಅತಿಥಿ ಬಂದಾಗ, ಅದೇ ಎಣ್ಣೆ ಹೀಟರ್. ಉಳಿದದ್ದು ಮೂರು: ಹಾಲಿಗೆ 3.5 ಕಿಲೋವ್ಯಾಟಿನದು, ಎರಡು ಬೆಡ್‌ರೂಮಿಗೂ ಸಿಗುವುದರಲ್ಲೇ ಚಿಕ್ಕದಾದ 2 ಕಿಲೋವ್ಯಾಟಿನವು. ಹೊರಗೆ 5.2ರದು. ಒಳಗಿನವುಗಳ ಮೊತ್ತ 7.5, ಹೊರಗಿನದು 5.2, ಇದೇನು ಲೆಕ್ಕ ಎಂದು ಗಾಬರಿಯಾಗಬೇಕಿಲ್ಲ. ಒಳಗಿನವು ನಲ್ಲಿಗಳಿದ್ದಂತೆ, ಹೊರಗಿನದು ಪಂಪು. ಎಷ್ಟರ ಮೇಲೆ ಎಷ್ಟು ಜೋಡಿಸಬಹುದು ಎಂಬ ಕೋಷ್ಟಕವನ್ನು ತಯಾರಕರೇ ಕೊಟ್ಟಿರುತ್ತಾರೆ. ನಾನು ನೋಡಿದ್ದು ಇನ್ನೆರಡು ಅಂಕಿ. ಒಂದು, ಕನಿಷ್ಠ ಸಾಮರ್ಥ್ಯ. ಇದರದ್ದು 1.4. ಎರಡು, ಸೊನ್ನೆ ಡಿಗ್ರಿಯಲ್ಲಿ ಎಷ್ಟು ಕೊಡುತ್ತದೆ. ಡಬ್ಬದ ಮೇಲೆ ಬರೆಯುವ ಶಾಖದ ಅಂಕಿ ಹೊರಗೆ 7 ಡಿಗ್ರಿ ಇದ್ದಾಗಿನದು. ಅದಕ್ಕಿಂತ ಕೆಳಗೆ ಇಳಿದಂತೆ ಸಾಮರ್ಥ್ಯ ಕುಗ್ಗುತ್ತದೆ, ಜೊತೆಗೆ ಹೊರಗಿನ ಯೂನಿಟ್ಟಿನಲ್ಲಿ ಹಿಮ ಕಟ್ಟಿ ಅದನ್ನು ಕರಗಿಸುವ ಕೆಲಸವೂ ಸೇರುತ್ತದೆ. ಕೋಷ್ಟಕದ ಪ್ರಕಾರ ಇದು ಸೊನ್ನೆಯಲ್ಲೂ ನಾಲ್ಕೂವರೆ ಕೊಡುತ್ತಿತ್ತು. ಅಷ್ಟೇ ಸಾಕಿತ್ತು.

ಪೈಪಿನೊಳಗೆ ಶಾಖ ಹೊತ್ತು ತಿರುಗುವ ಗ್ಯಾಸ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಆರ್32 ತೆಗೆದುಕೊಂಡೆ. ಹಳೆಯ ಆರ್410ಎ ಸೋರಿದರೆ ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಹೆಚ್ಚು ಕೆಡುಕು, ಇದರದ್ದು 675 ಪಟ್ಟು. ಒಂದು ಎಚ್ಚರಿಕೆ ಮಾತ್ರ ಇದೆ. ಆರ್32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸು. ಮೂರು ಕೋಣೆಗೂ ಒಂದೇ ಯಂತ್ರವಾದರೆ ಮೂರರ ಗ್ಯಾಸೂ ಒಂದೇ ಕೋಣೆಯಲ್ಲಿ ಸೋರಬಹುದು. ಹಾಗಾಗಿ ಅತಿ ಚಿಕ್ಕ ಕೋಣೆ ಎಷ್ಟಿರಬೇಕು ಎಂದು ಮ್ಯಾನುಯಲ್ಲಿನಲ್ಲಿ ಕೊಟ್ಟಿರುತ್ತಾರೆ. ಮಗಳ ರೂಂ ಅದಕ್ಕಿಂತ ಚಿಕ್ಕದಲ್ಲ ಎಂದು ನೋಡಿಕೊಂಡೆ.

ಫಿಟ್ಟಿಂಗ್ ಮಾಡಲು ಬಂದವರು ಬೇರೆ ತಂಡ, ಇಬ್ಬರು. ಕೆಲಸ ಬಲ್ಲವರೇ. ಆದರೆ ಅವಸರ. ಮೊದಲ ಜಗಳ ಔಟ್‌ಡೋರ್ ಯೂನಿಟ್ ಎಲ್ಲಿ ಎಂಬುದಕ್ಕೆ. ನಮ್ಮ ಬೆಡ್‌ರೂಮಿನ ಹೊರಗೋಡೆಗೆ ಬ್ರ್ಯಾಕೆಟ್ ಹೊಡೆದರೆ ಪೈಪ್ ಉಳಿಯುತ್ತದೆ ಎಂದು ಅವರು. ಗೋಡೆಗೆ ತಗುಲಿದ ಕಂಪ್ರೆಸರಿನ ಗುಂಯ್ ಸದ್ದು ರಾತ್ರಿಯೆಲ್ಲ ದಿಂಬಿನೊಳಗೆ ಕೇಳುತ್ತದೆ ಎಂದು ನಾನು. ಕೊನೆಗೆ ನೆಲದ ಮೇಲೆ, ಒಂದಡಿ ಎತ್ತರದ ಸ್ಟ್ಯಾಂಡಿನ ಮೇಲೆ, ಕಾಲಿಗೆ ರಬ್ಬರ್ ಕೊಟ್ಟು ನಿಲ್ಲಿಸಿದೆವು. ಎತ್ತರ ಏಕೆ ಎಂದರೆ ಚಳಿಗಾಲದಲ್ಲಿ ಹಿಮ ಕರಗಿದ ನೀರು ಅದರ ಕೆಳಗಿನಿಂದಲೇ ಸುರಿಯುತ್ತದೆ, ಹರಿದುಹೋಗಲು ಜಾಗ ಬೇಕು. ಅದು ಓಡಾಡುವ ದಾರಿಯೂ ಆಗಿರಬಾರದು, ಕಾಲು ಜಾರುತ್ತದೆ.

ಮಗಳ ರೂಮಿನ ಯೂನಿಟ್ಟನ್ನು ಒಳಗೋಡೆಗೆ ಹಾಕಲು ಗುರುತು ಮಾಡಿದ್ದರು. ಅಲ್ಲಿಂದ ಡ್ರೈನ್ ಪೈಪ್ ಹೊರಗೆ ತರಬೇಕಾದರೆ ಚಿಕ್ಕ ಪಂಪು ಬೇಕು, ಅದು ಇಂದಲ್ಲ ನಾಳೆ ಕೆಡುತ್ತದೆ. ಹೊರಗೋಡೆಗೆ ಬದಲಾಯಿಸಿದೆವು. ಗೋಡೆಯ ರಂಧ್ರ ಹೊರಗಡೆಗೆ ಇಳಿಜಾರಾಗಿರಬೇಕು, ಪೈಪ್ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಯಬೇಕು. ರಸಮಟ್ಟ ಇಟ್ಟು ನೋಡಿದೆ. ಯೂನಿಟ್ ತೂಗುಹಾಕಿದ ಮೇಲೆ ಬಾಟಲಿ ನೀರು ಅದರ ತಟ್ಟೆಗೆ ಸುರಿದೆ. ಹಾಲಿನಲ್ಲಿ ಸರಾಗ ಹರಿಯಿತು. ನಮ್ಮ ರೂಮಿನಲ್ಲಿ ಅರ್ಧ ನೀರು ಒಳಗೇ ನಿಂತಿತು, ಪೈಪ್ ಗೋಡೆಯೊಳಗೆ ಒಂದು ಕಡೆ ಉಬ್ಬಿತ್ತು. ಆಗಲೇ ನೋಡಿದ್ದಕ್ಕೆ ಕಾಲು ಗಂಟೆಯ ಕೆಲಸ. ಬೇಸಿಗೆಯಲ್ಲಿ ಗೊತ್ತಾಗಿದ್ದರೆ ಗೋಡೆಯ ಬಣ್ಣ ಹೋಗುತ್ತಿತ್ತು.

ಈ ಕೆಲಸದ ಜೀವ ಇರುವುದು ತಾಮ್ರದ ಪೈಪಿನ ತುದಿಯಲ್ಲಿ. ಮೂರು ಕೋಣೆಗೆ ಆರು ಪೈಪ್, ಎರಡೂ ಕೊನೆ ಸೇರಿ ಹನ್ನೆರಡು ಫ್ಲೇರ್, ಅಂದರೆ ನಟ್ಟು ಹಿಡಿಯಲು ತುತ್ತೂರಿಯ ಬಾಯಿಯಂತೆ ಅರಳಿಸಿದ ತುದಿ. ಹನ್ನೆರಡರಲ್ಲಿ ಒಂದು ಕೆಟ್ಟರೂ ಮೂರೂ ಕೋಣೆ ತಣ್ಣಗೆ. ತಂಡದ ಹಿರಿಯರು ಪೈಪ್ ಕತ್ತರಿಸಿ, ತುದಿಯನ್ನು ನೆಲದ ಕಡೆ ಹಿಡಿದು ಒಳ ಅಂಚಿನ ಚೂಪು ಕೆರೆದರು. ಮೇಲ್ಮುಖವಾಗಿ ಹಿಡಿದರೆ ತಾಮ್ರದ ಪುಡಿ ಒಳಕ್ಕೆ ಬೀಳುತ್ತದೆ. ಆಮೇಲೆ ನಟ್ಟು ಏರಿಸಿ, ಫ್ಲೇರ್ ಅರಳಿಸಿ, ಅದರ ಮುಖಕ್ಕೆ ಒಂದು ತೊಟ್ಟು ಕಂಪ್ರೆಸರ್ ಎಣ್ಣೆ. ನೋಡುತ್ತಿದ್ದರೆ ಖುಷಿ. ಬಿಗಿ ಮಾಡುವಾಗ ಮಾತ್ರ ಕೈಯಳತೆ. ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಎಲ್ಲಿ ಎಂದರೆ, "ಇಪ್ಪತ್ತು ವರ್ಷದ ಕೈ ಸಾರ್ ಇದು." ಕಾಲಿಂಚಿನ ಪೈಪಿಗೆ ಬೇಕಾದ ಬಿಗಿ 14ರಿಂದ 18 ನ್ಯೂಟನ್ ಮೀಟರ್, ಕೈಯ ಅಂದಾಜು ಮುಕ್ಕಾಲುಪಾಲು ಸರಿಯಿರುತ್ತದೆ. ನನ್ನ ಬಳಿ ಇದ್ದ ಟಾರ್ಕ್ ರೆಂಚ್ ತಂದುಕೊಟ್ಟೆ. ಅಷ್ಟರಲ್ಲಿ ನಾಲ್ಕು ನಟ್ಟು ಮುಗಿದಿತ್ತು.

ಸೋರಿಕೆ ಹಿಡಿಯುವ ಒತ್ತಡದ ಪರೀಕ್ಷೆ ರಾತ್ರಿಯಿಡೀ ಇರಬೇಕೆಂದು ಮೊದಲೇ ಹೇಳಿದ್ದೆ, ಆದರೂ ಅವರ ಮುಖ ಸಣ್ಣದಾಯಿತು. ಸಂಜೆ 22 ಡಿಗ್ರಿಯಲ್ಲಿ ಮೂರೂ ಲೈನಿಗೆ ನೈಟ್ರೋಜನ್ 40 ಬಾರ್ ತುಂಬಿಸಿ ಬೀಗ ಹಾಕಿ ಹೋದರು. ಬೆಳಿಗ್ಗೆ 12 ಡಿಗ್ರಿ. ತಣ್ಣಗಾದ ಗ್ಯಾಸಿನ ಒತ್ತಡ ತಾನೇ ಇಳಿಯುತ್ತದೆ, ಅದು 38.6ರ ಹತ್ತಿರ ಇರಬೇಕು. ಎರಡು ಲೈನು ಅಲ್ಲೇ ಇದ್ದವು. ಮಗಳ ರೂಮಿನದು 36. ಸೋಪಿನ ನೊರೆ ಹಚ್ಚಿದಾಗ ರೂಮಿನೊಳಗಿನ ನಟ್ಟಿನ ಬುಡದಲ್ಲಿ ಸಾಸಿವೆಯಷ್ಟು ದೊಡ್ಡ ಗುಳ್ಳೆ, ಒಡೆಯಿತು, ಮತ್ತೆ ಒಂದು. ಕೈಯಳತೆಯ ನಾಲ್ಕರಲ್ಲಿ ಒಂದು. ಹಿರಿಯರು ಏನೂ ಮಾತಾಡದೆ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು, ಈ ಸಲ ರೆಂಚ್ ತಾವೇ ಕೇಳಿ ಪಡೆದರು.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವ ಎಲ್ಲ ಪಂಪಿನಿಂದ ಹೊರಗೆಳೆಯುವುದು. ಇಪ್ಪತ್ತು ನಿಮಿಷ ಪಂಪ್ ಓಡಿಸಿದರೆ ಆಯಿತು ಎಂಬುದು ರೂಢಿ. ನಿಮಿಷ ಎಣಿಸಿದರೆ ಪೈಪಿನೊಳಗಿನ ತೇವ ಹೋಗಿದೆಯೇ ಎಂದು ಹೇಗೆ ಗೊತ್ತಾಗಬೇಕು? ಒಳಗೆ ಉಳಿದ ಅತಿ ಸಣ್ಣ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜ್ ಬೇಕು. ನಮ್ಮದು 500 ಮೈಕ್ರಾನಿಗೆ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಪಂಪಿನ ವಾಲ್ವ್ ಮುಚ್ಚಿ ಕಾದೆವು. ಅಂಕಿ ಏರುತ್ತಲೇ ಹೋದರೆ ಸೋರಿಕೆ, ಸ್ವಲ್ಪ ಏರಿ ನಿಂತರೆ ಒಳಗೆ ತೇವ. ನಮ್ಮದು ಕದಲಲಿಲ್ಲ.

ಮೂರನ್ನೂ ಒಟ್ಟಿಗೆ ಆನ್ ಮಾಡಿದರು, ಮೂರರಲ್ಲೂ ಬಿಸಿ ಗಾಳಿ, ಸಹಿ ಹಾಕಿಸಿಕೊಂಡು ಹೊರಟರು. ತಪ್ಪು ಅಡಗಿದ್ದೇ ಆ "ಒಟ್ಟಿಗೆ"ಯಲ್ಲಿ.

ಅಂದು ರಾತ್ರಿ ನಮ್ಮ ಯೂನಿಟ್ ಆನ್, ಮಗಳದು ಆಫ್. ನಮ್ಮದರ ದೀಪ ಉರಿಯುತ್ತಿದೆ, ಫ್ಯಾನ್ ತಿರುಗುತ್ತಿಲ್ಲ. ಕಾಯಿಲ್, ಅಂದರೆ ಯೂನಿಟ್ಟಿನೊಳಗಿನ ಪೈಪಿನ ಸುರುಳಿ, ಬಿಸಿಯಾಗುವವರೆಗೆ ಫ್ಯಾನ್ ಕಾಯುವುದು ಸಹಜ, ಆದರೆ ಅರ್ಧ ಗಂಟೆ? ಅಷ್ಟರಲ್ಲಿ ಮಗಳು ಬಂದಳು. "ಅಪ್ಪಾ, ನಂದು ಆಫ್ ಮಾಡಿದೀನಿ, ಆದ್ರೂ ರೂಂ ಸೆಕೆ." ಟಾರ್ಚ್ ಹಿಡಿದು ಹೊರಗೆ ಹೋಗಿ ಔಟ್‌ಡೋರ್ ಯೂನಿಟ್ಟಿನ ಪೈಪುಗಳಿಗೆ ಹುಷಾರಾಗಿ ಬೆರಳು ತಾಗಿಸಿದೆ. ಬಿಸಿಯಾಗಿದ್ದದ್ದು ಮಗಳ ರೂಮಿನ ಪೈಪು. ನಮ್ಮ ಎರಡು ರೂಮಿನ ವೈರುಗಳು ಅದಲುಬದಲಾಗಿದ್ದವು. ನಮ್ಮ ಯೂನಿಟ್ ಬಿಸಿ ಕೇಳುತ್ತಿತ್ತು, ಗ್ಯಾಸ್ ಅವಳ ಕೋಣೆಗೆ ಹೋಗುತ್ತಿತ್ತು. ಮೂರೂ ಆನ್ ಇದ್ದಾಗ ಇದು ಯಾರಿಗೂ ಕಾಣುವುದಿಲ್ಲ. ಮರುದಿನ ಬಂದು ಮೇನ್ ಸ್ವಿಚ್ ಆಫ್ ಮಾಡಿ ಎರಡು ವೈರು ಬದಲಿಸಲು ಹತ್ತು ನಿಮಿಷ. ಹಾಕಿಸುವವರು ಒಂದೊಂದೇ ಯೂನಿಟ್ ಆನ್ ಮಾಡಿ, ಹೊರಗೆ ಅದರದೇ ಪೈಪ್ ಬಿಸಿಯಾಯಿತೇ ಎಂದು ಮುಟ್ಟಿ ನೋಡಿಸಿ, ಆಮೇಲೆ ಸಹಿ ಹಾಕಿ. ವೈರು ಸರಿಯಾದ ಮೇಲೂ ಆಫ್ ಆದ ಯೂನಿಟ್ ಸ್ವಲ್ಪ ಬೆಚ್ಚಗಿರುತ್ತದೆ, ಒಳಗೆ ಸರಸರ ಸದ್ದೂ ಬರಬಹುದು. ಅದು ಕೆಟ್ಟಿದ್ದಲ್ಲ. ಶಾಖ ಕೊಡುವಾಗ ಗ್ಯಾಸೂ ಎಣ್ಣೆಯೂ ಆ ಕಾಯಿಲಿನಲ್ಲೇ ತಂಗಿಬಿಡದಂತೆ ವಾಲ್ವನ್ನು ಕೂದಲೆಳೆಯಷ್ಟು ತೆರೆದಿಟ್ಟಿರುತ್ತಾರೆ.

ಮೊದಲ ನಿಜವಾದ ಚಳಿಯ ಬೆಳಗ್ಗೆ ಹೆಂಡತಿ ಎಬ್ಬಿಸಿದಳು. "ರೀ, ಹೊರಗೆ ಯೂನಿಟ್ಟಿಂದ ಹೊಗೆ ಬರ್ತಿದೆ!" ಹೊಗೆಯಲ್ಲ, ಹಬೆ. ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸಲು ಯಂತ್ರ ಐದಾರು ನಿಮಿಷ ಉಲ್ಟಾ ಓಡುತ್ತದೆ, ಆಗ ಒಳಗಿನ ಫ್ಯಾನುಗಳೂ ನಿಲ್ಲುತ್ತವೆ. ಗೊತ್ತಿದ್ದೂ ನಾನೂ ಚಪ್ಪಲಿ ಹಾಕದೆ ಓಡಿದ್ದೆ.

ಚಳಿಗಾಲ ಮುಗಿದ ಮೇಲೆ ಮೀಟರಿನ ಪುಸ್ತಕ ತೆಗೆದು ನೋಡಿದೆ. ಹೊರಗೆ 6 ಡಿಗ್ರಿ, ಮೂರು ಕೋಣೆಯೂ ಆನ್ ಇದ್ದ ರಾತ್ರಿಗಳಲ್ಲಿ ಬೇಕಿದ್ದದ್ದು 2.8 ಕಿಲೋವ್ಯಾಟ್ ಶಾಖ, ಕರೆಂಟ್ ಎಳೆದದ್ದು ಸರಾಸರಿ 0.9. ಒಂದು ಪಾಲು ಕರೆಂಟಿಗೆ ಮೂರು ಪಾಲು ಶಾಖ. ಹೊರಗೆ 10 ಡಿಗ್ರಿ, ನಮ್ಮ ಬೆಡ್‌ರೂಂ ಒಂದೇ ಆನ್ ಇದ್ದಾಗ ಬೇಕಿದ್ದದ್ದು 500 ವ್ಯಾಟ್, ಎಳೆದದ್ದು 270. ಚಳಿ ಕಡಿಮೆ, ಆದರೂ ಒಂದಕ್ಕೆ ಎರಡೂ ಇಲ್ಲ. ಕನಿಷ್ಠ 1.4 ಕಿಲೋವ್ಯಾಟಿನ ಯಂತ್ರವೇ ಹೀಗೆ ಆನ್-ಆಫ್ ಆಡುತ್ತಿದ್ದರೆ, ಆ 2.6ರದ್ದು ತಂದಿದ್ದರೆ ಏನಾಗುತ್ತಿತ್ತೋ. ಈಗ ರಾತ್ರಿ ಬಾಗಿಲು ತೆರೆದಿಟ್ಟು, ಮೂರನ್ನೂ 18ಕ್ಕೆ ಇಟ್ಟು ಹಾಗೇ ಬಿಡುತ್ತೇವೆ. ಬಿಸಿಯೋ ತಂಪೋ ಎಂದು ತಾನೇ ಆರಿಸುವ ಆಟೋ ಮೋಡ್ ಮಾತ್ರ ಮುಟ್ಟುವುದಿಲ್ಲ. ಒಂದು ಕೋಣೆ ತಂಪು ಕೇಳಿ ಇನ್ನೊಂದು ಬಿಸಿ ಕೇಳಿದರೆ ನಮ್ಮ ಬಗೆಯ ಯಂತ್ರ ಎರಡನ್ನೂ ಕೊಡಲಾರದು, ಮೊದಲು ಕೇಳಿದವರ ಮಾತು ನಡೆಯುತ್ತದೆ. ಮಗಳು ಅದನ್ನು ಎರಡೇ ದಿನದಲ್ಲಿ ಕಂಡುಹಿಡಿದು ನಮಗಿಂತ ಮೊದಲು ರಿಮೋಟ್ ಒತ್ತುತ್ತಿದ್ದಳು.

ಮತ್ತೊಮ್ಮೆ ಮಾಡುವುದಾದರೆ ನಮ್ಮ ಬೆಡ್‌ರೂಮಿಗೆ ಬೇರೆಯೇ ಒಂದು ಚಿಕ್ಕ ಯಂತ್ರ, ಹಾಲು ಮತ್ತು ಮಗಳ ರೂಮಿಗೆ ಸೇರಿ ಒಂದು, ಹೀಗೆ ಹಾಕಿಸುತ್ತಿದ್ದೆ. ಒಂಟಿ ಯಂತ್ರಗಳು ಇದಕ್ಕಿಂತ ಬಹಳ ಕೆಳಗೆ ಇಳಿಯಬಲ್ಲವು, ಒಂದು ಕೆಟ್ಟರೂ ಇನ್ನೊಂದು ಓಡುತ್ತಿರುತ್ತದೆ. ಹೊರಗೆ ಎರಡು ಪೆಟ್ಟಿಗೆ ಕಾಣುತ್ತವೆ ಎಂದು ಆಗ ಬೇಡವೆಂದಿದ್ದೆ. ಈಗ ಆ ಜಾಗದಲ್ಲಿ ಹೂವಿನ ಕುಂಡ ಇದೆ. ಯೂನಿಟ್ಟಿನ ತಣ್ಣನೆಯ ಗಾಳಿಗೆ ಗಿಡ ಎರಡು ಸಲ ಒಣಗಿತು.